ಗಂಟಕ್ಕ ಕಟ್ಟಿದ ಗೋಲಿನ ಬಲೆ

ಗುರುತಿನ ಚೀಟಿಯಲ್ಲಿ ಅವಳಿಗೊಂದು ಒಳ್ಳೆಯ ಹೆಸರಿತ್ತು. ಆದರೆ ಬಂದರಿನಲ್ಲಿ ಆ ಹೆಸರು ಹಿಡಿದು ಹುಡುಕಿದರೆ ಯಾರೂ ತೋರಿಸುತ್ತಿರಲಿಲ್ಲ. ಗಂಟಕ್ಕ ಎಂದರೆ ಮಾತ್ರ, "ಓ ಅಲ್ಲಿ, ಷೆಡ್ಡಿನ ಮೂರನೇ ಕಂಬದ ಹತ್ತಿರ ಕಾಲು ಚಾಚಿ ಕೂತಿದ್ದಾಳಲ್ಲ, ಅವಳೇ" ಎಂದು ಕೈ ತೋರಿಸುತ್ತಿದ್ದರು. ಹರಿದ ಮೀನುಬಲೆ ಸರಿಮಾಡುವುದು ಅವಳ ಕೆಲಸ. ಮದುವೆಯಾಗಿ ಬಂದ ವರ್ಷ ಅತ್ತೆ ಅವಳ ಕೈಗೆ ಮರದ ಸೂಜಿ ಕೊಟ್ಟು ಆ ಕಂಬದ ಬುಡದಲ್ಲಿ ಕೂರಿಸಿದ್ದು. ಆಮೇಲೆ ಅತ್ತೆ ಹೋದರು, ಗಂಡ ಹೋದ, ಸೂಜಿ ಮಾತ್ರ ಉಳಿಯಿತು. ಮೂವತ್ತೊಂದು ವರ್ಷದಲ್ಲಿ, ಅವಳು ಕಟ್ಟಿದ ಜಾಗದಲ್ಲೇ ಮತ್ತೆ ಹರಿಯಿತೆಂದು ಒಂದು ಬಲೆಯೂ ವಾಪಸು ಬಂದಿರಲಿಲ್ಲ. ಇದನ್ನು ಅವಳು ತಾನಾಗಿ ಎಲ್ಲೂ ಹೇಳಿಕೊಂಡವಳಲ್ಲ. ಬೇರೆಯವರು ಹೇಳುವಾಗ ತಡೆದವಳೂ ಅಲ್ಲ.

ಮಾತು ಕಡಿಮೆ, ಆಡಿದರೆ ಖಾರ. ಅವಳ ಪಕ್ಕದಲ್ಲಿ ಕೂತು ಸೂಜಿಗೆ ನೂಲು ಸುತ್ತಿಕೊಡುವ ನಾದಿನಿ ಅದಕ್ಕೆ ಪೂರಾ ಉಲ್ಟಾ. ನಲವತ್ತು ದಾಟಿದರೂ ಬಾಯಿಗೆ ಬೀಗವಿಲ್ಲ. ಫುಟ್‌ಬಾಲ್ ಎಂದರೆ ಅವಳಿಗೆ ಪ್ರಾಣ. ಟೀವಿಯಲ್ಲಿ ಆಟ ಬಂದರೆ ಮನೆಯೊಳಗೆ ಇರುವವರು ಹೊರಗೆ ಹೋಗಬೇಕು, ಅಷ್ಟು ಗಲಾಟೆ. ಆ ತಿಂಗಳಂತೂ ದೇಶದೇಶಗಳ ತಂಡಗಳು ಸೇರಿದ ಪಂದ್ಯಾವಳಿ ಇವರ ಊರಿನಲ್ಲೇ ನಡೆಯುತ್ತಿತ್ತು. ಊರಾಚೆ ಕಟ್ಟಿದ್ದ ದೊಡ್ಡ ಕ್ರೀಡಾಂಗಣಕ್ಕೆ ಎಪ್ಪತ್ತು ಸಾವಿರ ಜನ ಹಿಡಿಯುತ್ತಾರಂತೆ. ಅವತ್ತು ಸಂಜೆ ನಾಲ್ಕಕ್ಕೆ ನಮ್ಮ ತಂಡದ ಆಟ. ಸೋತವರು ಗಂಟುಮೂಟೆ ಕಟ್ಟಬೇಕು, ಗೆದ್ದವರು ಮುಂದಕ್ಕೆ. ನಾದಿನಿ ಬೆಳಗಿನಿಂದ ಇದನ್ನೇ ಊದುತ್ತಿದ್ದಳು, ಗಂಟಕ್ಕ ಹ್ಞೂಂ ಅನ್ನದೆ ಸೂಜಿ ಓಡಿಸುತ್ತಿದ್ದಳು.

ಹತ್ತು ಗಂಟೆಗೆ ಷೆಡ್ಡಿನ ಯಜಮಾನ ಫೋನು ಕಿವಿಗೆ ಒತ್ತಿಕೊಂಡೇ ಓಡಿಬಂದ.

"ಗಂಟಕ್ಕ, ಕ್ರೀಡಾಂಗಣದೋರು. ಅವರ ಬಲೆ ಹರಿದಿದೆಯಂತೆ. ಕೂಡಲೇ ಯಾರಾದ್ರೂ ಬರಬೇಕಂತೆ."

"ಅವರಿಗೇನಕ್ಕೆ ಬಲೆ? ಅಲ್ಲೇನು ಮೀನು ಸಿಗತ್ತಾ?" ಎಂದಳು ಗಂಟಕ್ಕ, ತಲೆಯೆತ್ತದೆ.

ಷೆಡ್ಡಿಗೆ ಷೆಡ್ಡೇ ನಕ್ಕಿತು. ನಾದಿನಿ ಮಾತ್ರ ನಗಲಿಲ್ಲ. ಅವಳ ಕೈಯಿಂದ ನೂಲಿನ ಉಂಡೆ ಜಾರಿ ಉರುಳಿಕೊಂಡು ಹೋಗಿ ಯಜಮಾನನ ಕಾಲಿಗೆ ಬಿತ್ತು.

"ಅತ್ತಿಗೇ," ಎಂದಳು, ಉಸಿರೇ ಬಾರದ ದನಿಯಲ್ಲಿ. "ಗೋಲಿನ ಬಲೆ. ಗೋಲಿನ ಬಲೆ ಅತ್ತಿಗೇ! ನಾನೂ ಬರ್ತೀನಿ. ನೂಲು ಸುತ್ತೋಕೆ ಒಬ್ಬರು ಬೇಕಲ್ಲ ನಿಮಗೆ!"

ಕರೆದುಕೊಂಡು ಹೋಗಲು ಬಂದವನು ಮೈದಾನದ ಮೇಸ್ತ್ರಿ. ಹುಲ್ಲು ಬೆಳೆಸುವುದು, ಕತ್ತರಿಸುವುದು, ಗೆರೆ ಎಳೆಯುವುದು, ಗೋಲುಕಂಬ ನಿಲ್ಲಿಸುವುದು ಎಲ್ಲ ಅವನ ಉಸ್ತುವಾರಿ. ಐವತ್ತೈದರ ಆಸುಪಾಸಿನ ಮನುಷ್ಯ, ಬೆವರಿ ತೊಪ್ಪೆಯಾಗಿದ್ದ. ಬೆಳಿಗ್ಗೆ ಹುಲ್ಲು ಕತ್ತರಿಸುವ ಯಂತ್ರವನ್ನು ಹಿಂದಕ್ಕೆ ತೆಗೆಯುವಾಗ ಬಲೆಯ ಸೆರಗು ಅದಕ್ಕೆ ಸಿಕ್ಕಿಕೊಂಡು, ಆಳು ನುಸುಳುವಷ್ಟು ದೊಡ್ಡ ತೂತು ಬಿದ್ದಿತ್ತು. ಬದಲಿ ಬಲೆ ಇತ್ತು, ಆದರೆ ಅದರ ಕಣ್ಣು, ಎಳೆಗಳ ನಡುವಿನ ಕಿಂಡಿ, ದೊಡ್ಡದು. ಎರಡೂ ಕಡೆ ಒಂದೇ ತರಹದ ಬಲೆ ಇಲ್ಲದೆ ಆಟ ಶುರು ಮಾಡಿಸುವುದಿಲ್ಲ ಎಂದು ಪಂದ್ಯಾವಳಿಯ ಅಧಿಕಾರಿ ಹಟ ಹಿಡಿದು ಕೂತಿದ್ದನಂತೆ. "ನನ್ನ ಕೆಲಸ ಇವತ್ತು ನಿಮ್ಮ ಕೈಯಲ್ಲಿದೆ ಅಮ್ಮ" ಎಂದ ಮೇಸ್ತ್ರಿ, ಜೀಪು ಓಡಿಸುತ್ತಾ. ಗಂಟಕ್ಕ, "ಮೊದಲು ತೂತು ನೋಡೋಣ" ಎಂದಳು.

ಕಾಂಕ್ರೀಟಿನ ಒಂದು ಉದ್ದನೆಯ ದಾರಿಯಲ್ಲಿ ಒಳಗೆ ನಡೆಸಿದರು. ಅರೆಗತ್ತಲು, ತಣ್ಣನೆಯ ಗೋಡೆ, ಮೇಲೆಲ್ಲ ದಪ್ಪ ಕೊಳವೆಗಳು. ಮೀನಿನ ಕೋಲ್ಡ್ ಸ್ಟೋರೇಜಿನ ಹಾಗೇ ಇದೆಯಲ್ಲ, ಇದಕ್ಕೇನಾ ಇವಳು ಇಷ್ಟು ಕುಣಿಯುವುದು ಎಂದು ಗಂಟಕ್ಕ ಮನಸ್ಸಿನಲ್ಲೇ ಅಂದುಕೊಳ್ಳುವಷ್ಟರಲ್ಲಿ ದಾರಿ ಮುಗಿಯಿತು.

ಅವಳು ನಿಂತುಬಿಟ್ಟಳು.

ದೊಡ್ಡದನ್ನು ಕಾಣದವಳಲ್ಲ ಅವಳು. ದಿನಾ ಬೆಳಗಾದರೆ ಸಮುದ್ರದ ಮುಖ ನೋಡುವವಳು. ಆದರೆ ಸಮುದ್ರವನ್ನು ಯಾರೂ ಕಟ್ಟಿದ್ದಲ್ಲ. ಇದನ್ನು ಮನುಷ್ಯರು ಕಟ್ಟಿದ್ದಾರೆ ಎನ್ನುವುದೇ ಅವಳಿಗೆ ಅರಗಲಿಲ್ಲ. ನಾಲ್ಕೂ ಕಡೆ ಕುರ್ಚಿಯ ಮೇಲೆ ಕುರ್ಚಿ, ಸಾಲಿನ ಮೇಲೆ ಸಾಲು, ಕತ್ತು ನೋಯುವವರೆಗೆ ಮೇಲಕ್ಕೆ ಹತ್ತಿ, ಅದರ ಮೇಲೆ ಚಾವಣಿಯ ಅಂಚು, ಅಂಚಿನ ನಡುವೆ ದುಂಡಗೆ ಕತ್ತರಿಸಿ ಇಟ್ಟಷ್ಟೇ ಆಕಾಶ. ಒಂದೊಂದು ಕುರ್ಚಿಗೂ ನಾಲ್ಕು ಬೋಲ್ಟು ಎಂದರೂ ಎಷ್ಟಾಯಿತು? ಯಾರು ಕೂತು ಬಿಗಿದರೋ ಪುಣ್ಯಾತ್ಮರು! ಎಲ್ಲೋ ಮೇಲಿನ ಸಾಲಿನಲ್ಲಿ ಒಬ್ಬ ಹೆಂಗಸು ಕುರ್ಚಿ ಒರೆಸುತ್ತಾ ಕೆಮ್ಮಿದಳು. ಆ ಕೆಮ್ಮು ಇಡೀ ಜಾಗ ಸುತ್ತಿ ಬಂದು ಇವರ ಕಿವಿಗೆ ಬಿತ್ತು.

"ಹೇಗಿದೆ ಅತ್ತಿಗೆ?" ಎಂದಳು ನಾದಿನಿ, ತಾನೇ ಕಟ್ಟಿಸಿದವಳಂತೆ.

ಗಂಟಕ್ಕ ಬಗ್ಗಿ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು. ಹೆಣೆದು ಮುಗಿಸಿದ ಬಲೆಯನ್ನು ಚಪ್ಪಲಿಗಾಲಲ್ಲಿ ತುಳಿಯುವ ಪದ್ಧತಿ ಷೆಡ್ಡಿನಲ್ಲಿರಲಿಲ್ಲ, ಈ ಹುಲ್ಲೂ ಯಾರೋ ಕೂತು ಒಂದೊಂದೇ ಎಳೆ ಹೆಣೆದಂತಿತ್ತು. ಮೇಸ್ತ್ರಿ ಅದನ್ನು ನೋಡಿದ. ಅಲ್ಲಿಂದ ಮುಂದೆ ಅವನ ಮಾತಿಗೆ ಇನ್ನಷ್ಟು ಮರ್ಯಾದೆ ಸೇರಿಕೊಂಡಿತು.

ತೂತು ಇದ್ದದ್ದು ಬಲಗಡೆ ಕಂಬದ ಹತ್ತಿರ, ಮೊಣಕಾಲಿನಿಂದ ಸೊಂಟದವರೆಗೆ. ಯಂತ್ರ ಬಲೆಯನ್ನು ಹರಿದಿರಲಿಲ್ಲ, ಅಗಿದು ಉಗಿದಿತ್ತು. ಗಂಟಕ್ಕ ಮೊದಲು ಕೆಟ್ಟ ಎಳೆಗಳನ್ನೆಲ್ಲ ಕತ್ತರಿಸಿ ತೂತನ್ನು ಇನ್ನೂ ದೊಡ್ಡದು ಮಾಡಿದಳು. ಮೇಸ್ತ್ರಿಗೆ ಎದೆ ಧಸಕ್ಕೆಂದಿತು. "ಗಾಬರಿ ಆಗ್ಬೇಡಿ, ಗಟ್ಟಿ ಎಳೆ ಸಿಗೋವರೆಗೂ ಬಿಚ್ಚಬೇಕು" ಎಂದು ನಾದಿನಿ ಸಮಾಧಾನ ಹೇಳಿದಳು. ಆಮೇಲೆ ಗಂಟಕ್ಕ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ಸೂಜಿ ಓಡತೊಡಗಿತು. ಮೇಲಿನಿಂದ ಕೆಳಕ್ಕೆ, ಕಣ್ಣಿಗೆ ಕಣ್ಣು ಸೇರಿಸಿ, ಒಂದೇ ನೂಲು, ಎಲ್ಲೂ ತುಂಡಾಗಬಾರದು. ಗಂಟೆ ಹನ್ನೆರಡಾಯಿತು, ಒಂದಾಯಿತು. ಮೇಸ್ತ್ರಿ ತಂದಿಟ್ಟ ಚಹಾ ಆರಿ ತಣ್ಣಗಾಯಿತು. ಒಂದೂಕಾಲಿಗೆ ಬಾಗಿಲು ತೆರೆದರು, ಜನ ಬರತೊಡಗಿದರು, ಡೋಲುಗಳ ಸದ್ದು ಶುರುವಾಯಿತು. ಅವಳು ತಲೆಯೆತ್ತಲಿಲ್ಲ. ಎರಡೂವರೆಗೆ ಕಡೇ ಗಂಟು ಹಾಕಿ, "ಆಯ್ತು" ಎಂದು ಎದ್ದು ಪಕ್ಕಕ್ಕೆ ಸರಿದು ನಿಂತಳು.

ಇಲ್ಲಿ ಷೆಡ್ಡಿನ ಒಂದು ರಿವಾಜು ಹೇಳಬೇಕು. ಬಲೆ ಕಟ್ಟುವವರು ಕಡೇ ಗಂಟನ್ನು ತಾವು ಬಿಗಿಯುವುದಿಲ್ಲ. ಹಾಕಿ, ಸಡಿಲವಾಗಿ ಬಿಟ್ಟು, ಒಂದು ಗೇಣು ನೂಲು ಬಾಲದಂತೆ ಇಳಿಬಿಡುತ್ತಾರೆ. ದೋಣಿಯವನು ಬಂದು ಬಲೆಯ ಮೇಲೆ ಕಾಲಿಟ್ಟು, ಆ ಬಾಲವನ್ನು ಕೈಗೆ ಸುತ್ತಿಕೊಂಡು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಮೂರು ಸಲ ಎಳೆಯುತ್ತಾನೆ. ಗಂಟು ಕಚ್ಚಿಕೊಂಡರೆ ಕಟ್ಟಿದವಳು ಬಾಲ ಕತ್ತರಿಸಿ, "ಇನ್ನು ಬಲೆ ನಿಂದು" ಅನ್ನುತ್ತಾಳೆ. ಅಲ್ಲಿಗೆ ಕೆಲಸ ಮುಗಿಯಿತು. ಎಳೆಯಿರಿ ಎಂದು ಯಾರೂ ಯಾರಿಗೂ ಹೇಳುವುದಿಲ್ಲ. ದೋಣಿಯವರಿಗೆ ಅದು ಹುಟ್ಟಿನಿಂದ ಗೊತ್ತು. ಎಳೆಯದೆ ಬಿಟ್ಟರೆ ಏನಾಗುತ್ತದೆಂದೂ ಗೊತ್ತು: ಭಾರ ಬಿದ್ದಾಗ ಕಡೇ ಗಂಟು ಜಾರುತ್ತದೆ, ಅದರ ಹಿಂದೆ ಅದರ ಮೇಲಿನದು, ಆಮೇಲೆ ಕಟ್ಟಿದ್ದೆಲ್ಲ ಒಂದೇ ನೂಲಾಗಿ ಕೆಳಗಿಳಿಯುತ್ತದೆ.

ಮೇಸ್ತ್ರಿ ಹುಲ್ಲಿನ ಮನುಷ್ಯ. ಅವನಿಗೆ ಇದೆಲ್ಲ ಎಲ್ಲಿಂದ ಗೊತ್ತಾಗಬೇಕು? ಅವನು ಅಧಿಕಾರಿಯನ್ನು ಕರೆತಂದ. ಅಧಿಕಾರಿ ಅಳತೆಪಟ್ಟಿ ಹಿಡಿದು ನಾಲ್ಕು ಕಣ್ಣು ಅಳೆದ, ತಲೆದೂಗಿದ, ಕಾಗದಕ್ಕೆ ಸಹಿ ಹಾಕಿ ಹೊರಟ.

ಗಂಟಕ್ಕ ಅಲ್ಲೇ ಹೇಳಬೇಕಿತ್ತು. ಆದರೆ ಅವಳು ಆಗ ಅಲ್ಲಿರಲೇ ಇಲ್ಲ. ಮೂರೂವರೆ ಗಂಟೆ ಹೊತ್ತು ಬಗ್ಗಿ ಕೂತವಳು ಆಗಲೇ ಮೊದಲ ಸಲ ತಲೆಯೆತ್ತಿದ್ದಳು. ಬೆಳಿಗ್ಗೆ ಖಾಲಿ ಕುರ್ಚಿಗಳಿದ್ದ ಕಡೆಯೆಲ್ಲ ಮುಖಗಳಿದ್ದವು. ಮುಖ, ಮುಖ, ಮುಖ, ಮೋಡದ ಹತ್ತಿರದವರೆಗೆ ಮುಖ. ಅವಳ ಬಾಯಿ ತೆರೆದದ್ದು ತೆರೆದಂತೇ ಇತ್ತು. ಮೇಸ್ತ್ರಿ ಕೈಗೆ ಎರಡು ಪಾಸು ತುರುಕಿ, "ಈ ಗೋಲಿನ ಹಿಂದೇನೇ ಸೀಟು ಅಮ್ಮ, ಹನ್ನೊಂದನೇ ಸಾಲು. ನೀವು ಕಟ್ಟಿದ ಬಲೆ ನೀವೇ ನೋಡ್ಕೊಂಡು ಕೂತ್ಕೊಳಿ" ಎಂದು ಹೊರಡಿಸಿಬಿಟ್ಟ. ನಾದಿನಿ ಅವಳನ್ನು ಕೈಹಿಡಿದು ಎಳೆದುಕೊಂಡೇ ಹೋದಳು.

ಆಟ ಶುರುವಾದಾಗ ಎದ್ದ ಸದ್ದು ಮೊದಲು ಅವಳ ಅಂಗಾಲಿಗೆ ತಾಗಿತು, ಆಮೇಲೆ ಹೊಟ್ಟೆಗೆ, ಕಿವಿಗೆ ಬಂದದ್ದು ಕಡೆಗೆ. ಎಪ್ಪತ್ತು ಸಾವಿರ ಜನ ಒಟ್ಟಿಗೆ ಎದ್ದರು, ಒಟ್ಟಿಗೆ ಕೂತರು, ಒಟ್ಟಿಗೆ ಉಸಿರು ಬಿಗಿಹಿಡಿದರು. ಒಂದು ಮನೆಯ ನಾಲ್ಕು ಜನ ಒಂದು ಮಾತಿಗೆ ಬರುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಿತ್ತು. ಇಲ್ಲಿ ಒಂದು ಚೆಂಡು ಇಷ್ಟು ಜನರನ್ನು ಒಂದೇ ಮಾತಿಗೆ ತಂದಿತ್ತು. ಅವಳಿಗೆ ಕಣ್ಣು ತುಂಬಿ ಬಂತು. ಯಾಕೆಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ನಾದಿನಿ ಕಾಮೆಂಟರಿ ಹೇಳುತ್ತಲೇ ಇದ್ದಳು. ಹಸಿರು ಅಂಗಿ ನಮ್ಮವರು, ಬಿಳಿ ಅಂಗಿ ಅವರು. ಈಗ ಈ ಬಲೆ ಮುಂದೆ ನಿಂತಿರುವವನು ಅವರ ಗೋಲಿ, ಅಂದರೆ ಗೋಲು ಕಾಯುವವನು, ಅರ್ಧ ಆಟ ಆದ ಮೇಲೆ ತಂಡಗಳು ಕಡೆ ಬದಲಿಸುತ್ತವೆ, ಆಗ ನಮ್ಮ ಗೋಲಿ ಈ ಕಡೆ ಬರುತ್ತಾನೆ. "ಅವನಿಗೆ ಗೋಡೆ ಅಂತಾನೇ ಹೆಸರು ಅತ್ತಿಗೆ. ಅವನನ್ನ ದಾಟಿ ನೊಣಾನೂ ಹೋಗಲ್ಲ."

ಅರ್ಧ ಆಟ ಮುಗಿಯಲು ಇನ್ನೇನು ಏಳು ನಿಮಿಷ. ಹಸಿರು ಅಂಗಿಯವನೊಬ್ಬ ದೂರದಿಂದ ಒದ್ದ ಚೆಂಡು ಮೇಲಿನ ಕಂಬಕ್ಕೆ ಬಡಿದು, ಎಗರಿ, ಬಲೆಯ ನೆತ್ತಿಯ ಮೇಲೆ ಕೂತಿತು. ಎಪ್ಪತ್ತು ಸಾವಿರ ಜನ ತಲೆ ಚಚ್ಚಿಕೊಂಡರು. ಬಲೆ ಪೂರ್ತಿ ಅಲ್ಲಾಡಿತು. ಆಗ ಗಂಟಕ್ಕನಿಗೆ ಕಂಡದ್ದು, ಬಲಗಂಬದ ಹತ್ತಿರ ಅತ್ತಿತ್ತ ತೂಗುತ್ತಿದ್ದ ಒಂದು ಗೇಣು ಬಿಳಿ ನೂಲು.

"ಬಾಲ ಕತ್ತರಿಸಿಲ್ಲ" ಎಂದಳು.

ನಾದಿನಿ ಅರ್ಧ ಕೂಗಿದ್ದ ಕೂಗು ಅಲ್ಲೇ ನಿಂತಿತು. ಅವಳೂ ಷೆಡ್ಡಿನವಳೇ, ಬಿಡಿಸಿ ಹೇಳಬೇಕಾಗಿರಲಿಲ್ಲ. "ಯಾರು ಎಳೆದ್ರು ಅತ್ತಿಗೆ?"

"ಯಾರೂ ಎಳೆದಿಲ್ಲ."

ಅಲ್ಲಿಂದ ಮುಂದೆ ಆ ಕ್ರೀಡಾಂಗಣದಲ್ಲಿ ಎಲ್ಲರೂ ಚೆಂಡು ನೋಡುತ್ತಿದ್ದರು, ಇಬ್ಬರು ಹೆಂಗಸರು ಒಂದು ಗಂಟು ನೋಡುತ್ತಿದ್ದರು. ಚೆಂಡು ಅಲ್ಲಿಗೇ ಬಿದ್ದರೆ ಬಲೆ ಬಿಚ್ಚಿಕೊಂಡು ಚೆಂಡು ಹಿಂದಕ್ಕೆ ಹೋಗುತ್ತದೆ. ಗೋಲೋ ಅಲ್ಲವೋ ಎಂದು ಜಗಳವಾಗುತ್ತದೆ, ಆಟ ನಿಲ್ಲುತ್ತದೆ, ಲೋಕವೆಲ್ಲ ಟೀವಿಯಲ್ಲಿ ಆ ತೂತನ್ನು ನೋಡುತ್ತದೆ, ಮೇಸ್ತ್ರಿಯ ಕೆಲಸ ಹೋಗುತ್ತದೆ. ಆಮೇಲೆ ಬಲೆ ಕಟ್ಟಿದವರು ಯಾರು ಎಂಬ ಪ್ರಶ್ನೆ ಬರುತ್ತದೆ.

"ಅಲ್ಲಿಗೇ ಬೀಳಬೇಕು ಅಂತೇನಿದೆ?" ಎಂದಳು ನಾದಿನಿ ಪಿಸುದನಿಯಲ್ಲಿ. "ಇಷ್ಟಗಲ ಬಲೇಲಿ ಅದೊಂದು ಮೂಲೆ. ಸುಮ್ನಿರಿ ಅತ್ತಿಗೆ. ಹೇಳಿದ್ರೆ ನಿಮ್ಮ ಹೆಸರೇ ಕೆಡೋದು."

ಗಂಟಕ್ಕನಿಗೂ ಅದೇ ಆಸೆ. ಸುಳ್ಳೇಕೆ? ಮೂವತ್ತೊಂದು ವರ್ಷ ಒಂದು ಬಲೆ ವಾಪಸು ಬಂದಿಲ್ಲ ಎನ್ನುವ ಮಾತನ್ನು ಅವಳು ಬಾಯಿಬಿಟ್ಟು ಹೇಳದಿದ್ದರೂ ದಿನಾ ತಲೆಯ ಮೇಲೆ ಹೊತ್ತುಕೊಂಡೇ ಓಡಾಡುತ್ತಿದ್ದಳು. ಈಗ ಎದ್ದು ಹೋಗಿ ನನ್ನ ಗಂಟು ಸಡಿಲ ಇದೆ ಎಂದರೆ ಆ ಮಾತು ಇವತ್ತಿಗೆ ಮುಗಿಯಿತು. ನಾಳೆ ಷೆಡ್ಡಿನಲ್ಲಿ ಇದೇ ನಾದಿನಿ ಎಷ್ಟು ತಡೆದುಕೊಂಡರೂ ಮಧ್ಯಾಹ್ನದೊಳಗೆ ಎಲ್ಲರಿಗೂ ಹೇಳಿರುತ್ತಾಳೆ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. ಸುತ್ತಲೂ ನೋಡಿದಳು. ಇಷ್ಟು ಜನ ಇಷ್ಟು ನಂಬಿ ಕೂತಿದ್ದಾರೆ, ಕುರ್ಚಿಯ ಬೋಲ್ಟು ಬಿಗಿದವನನ್ನು, ಚಾವಣಿ ಕಟ್ಟಿದವನನ್ನು, ಮೆಟ್ಟಿಲು ಹಾಕಿದವನನ್ನು. ಅವರಲ್ಲಿ ಒಬ್ಬನಾದರೂ ಕಡೇ ಬೋಲ್ಟು ಹಾಗೇ ಬಿಟ್ಟು ಹೋಗಿದ್ದರೆ?

ಅರ್ಧ ಆಟದ ಸೀಟಿ ಊದಿದರು. ಗಂಟಕ್ಕ ಎದ್ದಳು.

ಮೈದಾನಕ್ಕೆ ಇಳಿಯುವ ಗೇಟಿನಲ್ಲಿದ್ದ ಕಾವಲಿನ ಹುಡುಗಿ ಕೈ ಅಡ್ಡ ಹಿಡಿದಳು. "ಇಲ್ಲಿಂದ ಹೋಗೋ ಹಾಗಿಲ್ಲಮ್ಮ, ಶೌಚಾಲಯ ಆ ಕಡೆ."

"ಶೌಚಾಲಯ ಯಾರಿಗೆ ಬೇಕು? ಮೇಸ್ತ್ರೀನ ಕರಿ. ಬಲೆಯೋರು ಕರೀತಾರೆ ಅನ್ನು."

"ಆಟಗಾರರು ಬರೋ ಹೊತ್ತು, ಈಗ ಯಾರನ್ನೂ..."

"ಏ ತಾಯಿ," ಎಂದು ನಾದಿನಿ ಮುಂದೆ ನುಗ್ಗಿದಳು, "ಇವರನ್ನ ಬಿಡದೆ ಹೋದ್ರೆ ನಾಳೆ ಪೇಪರಲ್ಲಿ ಫೋಟೋ ಬರೋದು ನಿಂದೇ. ಆಮೇಲೆ ನಾನು ಹೇಳ್ಲಿಲ್ಲ ಅನ್ಬೇಡ!" ಐದು ನಿಮಿಷದ ಹಿಂದೆ ಸುಮ್ಮನಿರಿ ಎಂದವಳೂ ಇವಳೇ. ಅತ್ತಿಗೆ ಎದ್ದುನಿಂತ ಮೇಲೆ ಅವಳಿಗೆ ಬೇರೆ ಪಕ್ಷವೇ ಇರಲಿಲ್ಲ.

ಹುಡುಗಿ ವಾಕಿಟಾಕಿಯಲ್ಲಿ ಏನೋ ಅಂದಳು. ಮೇಸ್ತ್ರಿ ಓಡಿಬಂದ. ವಿಷಯ ಕೇಳಿ ಅವನ ಮುಖ ಬಿಳಿಚಿಕೊಂಡಿತು.

"ಅಧಿಕಾರಿ ನೋಡಿ ಸಹಿ ಹಾಕಿದ್ದಾರಲ್ಲಮ್ಮ!"

"ನೋಡಿದ್ರು. ಎಳೀಲಿಲ್ಲ. ತಪ್ಪು ಅವರದ್ದಲ್ಲ, ನಂದು. ನಾನು ಹೇಳಬೇಕಿತ್ತು, ಇದೆಲ್ಲ ನೋಡ್ತಾ ಮೈಮರೆತೆ." ತಪ್ಪು ನಂದು ಎನ್ನುವ ಮಾತನ್ನು ಅವಳು ಕೆಲಸದ ವಿಷಯದಲ್ಲಿ ಹಿಂದೆಂದೂ ಆಡಿರಲಿಲ್ಲ.

ಮೇಸ್ತ್ರಿ ಬೈಯಲಿಲ್ಲ. ಗೇಟು ತೆಗೆಸಿದ.

ಚಪ್ಪಲಿ ಕೈಯಲ್ಲಿ ಹಿಡಿದು ಅವಳು ಹುಲ್ಲಿನ ಮೇಲೆ ನಡೆದಳು. ಬೆಳಿಗ್ಗೆಯೂ ನಡೆದಿದ್ದಳು, ಆಗ ಕುರ್ಚಿಗಳು ನೋಡುತ್ತಿದ್ದವು. ಈಗ ಎಪ್ಪತ್ತು ಸಾವಿರ ಜನ ನೋಡುತ್ತಿದ್ದರು. ಬಲೆಯ ಹತ್ತಿರ ಹೋಗಿ ನಿಂತು ತಿರುಗಿದಾಗ ಎದುರಿಗೆ ಆ ಮನುಷ್ಯರ ಬೆಟ್ಟ ಕಂಡು ಅವಳು ಬಲೆಯ ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಯಾರೋ ಕ್ಯಾಮೆರಾ ತಿರುಗಿಸಿದರು. ಆ ತುದಿಯ ದೊಡ್ಡ ಪರದೆಯಲ್ಲಿ ಒಬ್ಬ ಹೆಂಗಸಿನ ಮುಖ ಕಾಣಿಸಿತು, ಎರಡು ಅಂತಸ್ತಿನ ಮನೆಯಷ್ಟು ದೊಡ್ಡ ಮುಖ. ಅಯ್ಯೋ ಪಾಪ, ಇದ್ಯಾರಪ್ಪ ಇಷ್ಟು ಹೆದರಿಕೊಂಡಿದ್ದಾಳೆ ಎಂದುಕೊಂಡಳು. ಆ ಮುಖವೂ ಹಾಗೇ ಅಂದುಕೊಂಡಂತೆ ಕಂಡಾಗ ಅದು ತಾನೇ ಎಂದು ಗೊತ್ತಾಯಿತು.

"ಬೇಗ ಅಮ್ಮ, ನೀವೇ ಎಳೆದುಬಿಡಿ" ಎಂದ ಮೇಸ್ತ್ರಿ.

"ನಾನು ಹಾಕಿದ ಗಂಟು ನಾನೇ ಎಳೆದ್ರೆ ಅದೇನು ಪರೀಕ್ಷೆ ಮೇಸ್ತ್ರಿ? ಬಲೆ ಯಾರದೋ ಅವರು ಎಳೀಬೇಕು. ಇದು ನಿಮ್ಮ ಬಲೇನಾ?"

"ನಂದ್ಯಾಕಾಗತ್ತೆ? ಇದು... ಅಯ್ಯೋ, ಯಾರದ್ದು ಅಂತ ಈಗ ಎಲ್ಲಿ ಹುಡುಕಲಿ? ಮೂರು ನಿಮಿಷ ಇದೆ ಅಮ್ಮ!"

ಅಷ್ಟರಲ್ಲಿ ಹಸಿರು ತಂಡದ ಗೋಲಿ ಎಲ್ಲರಿಗಿಂತ ಮುಂಚೆ ಓಡಿಬಂದ. ಬಾಗಿಲು ಬಗ್ಗಿಯೇ ದಾಟಬೇಕಾದಷ್ಟು ಎತ್ತರ. ಗೇಟಿನ ಹತ್ತಿರವೇ ನಿಂತಿದ್ದ ನಾದಿನಿ ಬಾಯಿಗೆ ಸೆರಗು ತುರುಕಿಕೊಂಡಳು. ಅವನೇ ಗೋಡೆ. ಗಂಟಕ್ಕನಿಗೆ ಅವನ ಪರಿಚಯವೇನೂ ಇಲ್ಲ. ಅವಳು ನೋಡಿದ್ದು ಕೈಗವಸು ಹಾಕಿದ ಅವನ ಕೈಗಳನ್ನು.

"ಏನಾಯ್ತು ಮೇಸ್ತ್ರಿ? ಯಾರಿವರು?"

"ಬಲೆ ಕಟ್ಟಿದವರು" ಎಂದ ಮೇಸ್ತ್ರಿ.

ಗಂಟಕ್ಕ ಕತ್ತೆತ್ತಿ ಕೇಳಿದಳು. "ಇನ್ನು ಮುಂದೆ ಈ ಬಲೆ ಕಾಯೋನು ನೀನೇನಪ್ಪಾ?"

"ಹೌದಮ್ಮ."

"ಹಾಗಾದ್ರೆ ಆ ಕೈಗವಸು ಬಿಚ್ಚು. ಈ ನೂಲು ಹಿಡಿ. ಎಳಿ."

ದೇಶವೇ ಹೊಗಳುವ ಗೋಲಿ ಏನೂ ಕೇಳದೆ ಕೈಗವಸು ಬಿಚ್ಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಎಳೆದ.

"ಊಟ ಮಾಡಿಲ್ವಾ? ಜೋರಾಗಿ."

ಅವನು ನಕ್ಕ. ಕಂಬದ ಬುಡಕ್ಕೆ ಕಾಲು ಕೊಟ್ಟು, ನೂಲನ್ನು ಕೈಗೆ ಸುತ್ತಿಕೊಂಡು, ಇನ್ನೊಮ್ಮೆ ಎಳೆದ, ಮತ್ತೊಮ್ಮೆ ಎಳೆದ. ಗಂಟು ಕಚ್ಚಿಕೊಂಡಿತು. ಕತ್ತರಿ ಚೀಲದಲ್ಲೇ ಉಳಿದಿತ್ತು, ಗಂಟಕ್ಕ ಬಗ್ಗಿ ಬಾಲವನ್ನು ಹಲ್ಲಿನಲ್ಲಿ ಕಡಿದು ತೆಗೆದಳು. "ಇನ್ನು ಬಲೆ ನಿಂದು" ಎಂದಳು.

ಅವನಿಗೆ ಆ ಮಾತು ಎಲ್ಲೋ ನಾಟಿರಬೇಕು. ಕೈಗವಸು ಹಾಕಿಕೊಳ್ಳುತ್ತಾ, "ಇದರೊಳಗೆ ಏನೂ ಬೀಳದೆ ಇರಲಿ ಅಂತ ಹರಸಿ ಅಮ್ಮ" ಎಂದ.

ಗಂಟಕ್ಕ ತಬ್ಬಿಬ್ಬಾದಳು. ಬಲೆ ಖಾಲಿ ಇರಲಿ ಎನ್ನುವುದು ಬಂದರಿನಲ್ಲಿ ಹರಕೆಯಲ್ಲ, ಶಾಪ. ಆಗದವರಿಗೂ ಯಾರೂ ಹಾಗೆ ಹೇಳುವುದಿಲ್ಲ. "ಅದು ನಮ್ಮ ಬಾಯಲ್ಲಿ ಬರೋ ಮಾತಲ್ಲ ಕಣಪ್ಪ" ಎಂದಷ್ಟೇ ಹೇಳಿ, ಮೇಸ್ತ್ರಿಯ ಹಿಂದೆ ಸರಸರನೆ ಹೊರಟುಬಿಟ್ಟಳು.

ಆ ಪಂದ್ಯ ನಾವು ಸೋತೆವು. ಮುಚ್ಚಿಡುವುದೇನಿದೆ, ಆ ನೋವು ಇನ್ನೂ ಹೋಗಿಲ್ಲ. ಗೋಡೆ ಅವತ್ತು ಏನೇನು ತಡೆದ ಎಂದರೆ, ನಾದಿನಿ ಈಗಲೂ ಷೆಡ್ಡಿನಲ್ಲಿ ಎದ್ದುನಿಂತು ಹಾರಿ ತೋರಿಸುತ್ತಾಳೆ. ಎಡಕ್ಕೆ ಹಾರಿ ಒಂದು, ಕಾಲಲ್ಲಿ ಒಂದು, ಮುಖಕ್ಕೇ ಬಡಿಸಿಕೊಂಡು ಒಂದು. ಒಬ್ಬ ಮನುಷ್ಯ ಅಷ್ಟು ಜಾಗ ಹೇಗೆ ಮುಚ್ಚುತ್ತಾನೆ ಎಂದು ಗಂಟಕ್ಕ ಬೆರಗಾಗಿ ನೋಡುತ್ತಿದ್ದಳು. ಆದರೂ ಪ್ರತಿ ಸಲ ಚೆಂಡು ಬಂದಾಗ ಅವಳ ಕಣ್ಣು ಬಲಗಂಬದ ಹತ್ತಿರಕ್ಕೇ ಹೋಗುತ್ತಿತ್ತು. ಎಳೆದದ್ದೇನೋ ಆಯಿತು, ಆದರೆ ಬಂದರಿನವರು ಹೇಳುವ ಹಾಗೆ, ಅದನ್ನು ಸಮುದ್ರ ಇನ್ನೂ ಎಳೆದು ನೋಡಿರಲಿಲ್ಲ.

ಎಂಬತ್ತಮೂರನೇ ನಿಮಿಷಕ್ಕೆ ಬಿಳಿ ಅಂಗಿಯವನೊಬ್ಬ ಮೂವರನ್ನು ದಾಟಿ ಬಂದು ಒದ್ದ. ಗೋಡೆ ಹಾರಿದ. ಬೆರಳ ತುದಿ ತಾಗಿತೋ ಇಲ್ಲವೋ, ಚೆಂಡು ಅವನನ್ನು ದಾಟಿ ಬಲಗಂಬದ ಒಳಕ್ಕೆ ನುಗ್ಗಿ, ಸರಿಯಾಗಿ ಹೊಸ ಕಟ್ಟಿನ ಮೇಲೆ ಬಡಿಯಿತು. ಬಲೆ ಹಿಂದಕ್ಕೆ ಉಬ್ಬಿತು. ಉಬ್ಬಿ, ನಿಂತು, ಚೆಂಡನ್ನು ಮೆತ್ತಗೆ ಹುಲ್ಲಿನ ಮೇಲೆ ಇಳಿಸಿತು. ಒಂದು ಎಳೆಯೂ ಜಾರಲಿಲ್ಲ.

"ಹಿಡೀತು!" ಎಂದು ಕೂಗಿ ಗಂಟಕ್ಕ ಎದ್ದುನಿಂತು ಜೋರಾಗಿ ಚಪ್ಪಾಳೆ ತಟ್ಟಿದಳು.

ನಾಲ್ಕನೇ ಚಪ್ಪಾಳೆಗೆ ಅವಳಿಗೆ ಕೇಳಿಸಿದ್ದು ತನ್ನ ಚಪ್ಪಾಳೆ ಮಾತ್ರ. ಎಪ್ಪತ್ತು ಸಾವಿರ ಜನ ಸುಮ್ಮನಾಗಿದ್ದರು. ಅಷ್ಟು ದೊಡ್ಡ ಮೌನವನ್ನು ಅವಳು ಬದುಕಿನಲ್ಲಿ ಕೇಳಿರಲಿಲ್ಲ. ದೂರದ ಮೂಲೆಯಲ್ಲಿ ಬಿಳಿ ಅಂಗಿಯ ಒಂದು ಗುಂಪು ಮಾತ್ರ ಕುಣಿಯುತ್ತಿತ್ತು. ನಾದಿನಿ ಮುಖ ಮುಚ್ಚಿಕೊಂಡಿದ್ದಳು. ಕೆಳಗೆ ಗೋಡೆ ಹುಲ್ಲಿಗೆ ಹಣೆ ಹಚ್ಚಿ ಬಿದ್ದಿದ್ದ.

ಗಂಟಕ್ಕನ ಕೈಗಳು ಗಾಳಿಯಲ್ಲೇ ನಿಂತವು. ಮೂವತ್ತೊಂದು ವರ್ಷ ಬಲೆ ಕಟ್ಟಿದವಳು ಬಲೆಗೆ ಬಿದ್ದದ್ದರ ಬಗ್ಗೆ ಯಾವತ್ತೂ ಕನಿಕರಪಟ್ಟಿರಲಿಲ್ಲ. ಈಗ ಅವನು ಎದ್ದು, ಕಾಲೆಳೆದುಕೊಂಡು ಬಲೆಯೊಳಗೆ ಹೋಗಿ, ಬಗ್ಗಿ ಚೆಂಡು ಎತ್ತಿಕೊಳ್ಳುವುದನ್ನು ನೋಡುತ್ತಾ ಅವಳು ಕೈ ಇಳಿಸಿ ಕೂತಳು. ಹರಸಿ ಎಂದು ಒಂದು ಮಾತು ಕೇಳಿದ್ದ, ಹೇಳಿಬಿಡಬಹುದಿತ್ತು. ಗಂಟು ನಿಂತದ್ದರ ಹಿಗ್ಗೂ ಸುಳ್ಳಲ್ಲ, ಈ ಸಂಕಟವೂ ಸುಳ್ಳಲ್ಲ. ಎರಡೂ ಒಟ್ಟಿಗೆ ಬಂದು ಅವಳ ಕೆನ್ನೆ ಒದ್ದೆಯಾಯಿತು.

ಮುಂದಿನ ಸಾಲಿನಲ್ಲಿದ್ದ, ಮುಖಕ್ಕೆಲ್ಲ ಹಸಿರು ಬಣ್ಣ ಬಳಿದುಕೊಂಡ ದಢೂತಿ ಮನುಷ್ಯ ತಿರುಗಿ ಕೆಂಗಣ್ಣಿನಿಂದ ನೋಡಿದ. "ನಮಗೆ ಗೋಲು ಬಿತ್ತು, ನೀವು ಚಪ್ಪಾಳೆ ತಟ್ತೀರಾ? ಯಾರ ಕಡೆಯವರಮ್ಮ ನೀವು?"

"ನಾನು ಬಲೆ ಕಡೆಯವಳಪ್ಪಾ" ಎಂದಳು ಗಂಟಕ್ಕ.

ಅವನಿಗೆ ಏನೂ ತಿಳಿಯಲಿಲ್ಲ. ಕೆಳಗೆ ಹಸಿರು ಅಂಗಿಯವರು ಚೆಂಡನ್ನು ನಡುವಿಗೆ ಒಯ್ದಿಟ್ಟು ಮತ್ತೆ ಆಟ ಶುರುಮಾಡಿದ್ದರು. ಇನ್ನೂ ಏಳು ನಿಮಿಷವಿತ್ತು. ಗಂಟಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ತಾನು ಕಟ್ಟಿದ ಬಲೆಯಿಂದ ಕಣ್ಣು ಕಿತ್ತು ಮೊದಲ ಸಲ ಮೈದಾನದ ಆಚೆ ತುದಿಯನ್ನು ನೋಡಿದಳು, ಅಲ್ಲಿದ್ದ ಇನ್ನೊಂದು ಬಲೆಯನ್ನು ನೋಡಿದಳು. ಎದ್ದು ಕುರ್ಚಿಯ ಮೇಲೇ ಹತ್ತಿ ನಿಂತು, ಎರಡೂ ಕೈ ಬಾಯಿಗೆ ಹಿಡಿದು, ದೋಣಿ ಹೊರಡುವಾಗ ದಡದಲ್ಲಿ ನಿಂತ ಹೆಂಗಸರು ಕೂಗುವ ದನಿಯಲ್ಲಿ ಕೂಗಿದಳು.

"ಆ ಕಡೆ ಬಲೆ ತುಂಬಲಿ! ಆ ಕಡೆ ಬಲೆ ತುಂಬಲೀ!"